ಆಮೋಸ್, ಆಂಡಿ ಮತ್ತು ನಮ್ಮೂರ ತೂಗುಸೇತುವೆ

ಇಲ್ಲದೇ ಇರೋ ಒಂದು ವಸ್ತುವನ್ನು ತೋರಿಸೋಕೆ ಅಂತ ಅಪ್ಪ-ಅಮ್ಮನ್ನ ನಾಲ್ಕೂವರೆ ಗಂಟೆ ಕಾರಲ್ಲಿ ಕೂರಿಸಿಕೊಂಡು ಹೋದ ಮಗ ಬಹುಶಃ ನಾನೊಬ್ಬನೇ ಇರಬೇಕು!

ಕಳೆದ ಬೇಸಿಗೆಯ ಮಾತು. ಊರಿಂದ ಬಂದ ಅಪ್ಪ-ಅಮ್ಮ ಡೆಟ್ರಾಯ್ಟ್ ಪಕ್ಕದ ನೋವೈನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ವಾರ ಕಳೆದಿದ್ದರು. ಅಮ್ಮನಿಗೆ ಹೇಗೋ ಹೊತ್ತು ಹೋಗ್ತಿತ್ತು, ಪಂಪ ಕನ್ನಡ ಕೂಟದ ಕಡೆಯ ನಾಲ್ಕಾರು ಮನೆಗಳ ಪರಿಚಯ ಆಗಿತ್ತು, ಸಂಜೆಯಾದರೆ ಯಾರಾದರೂ ಬಂದು ಕರೆದುಕೊಂಡು ಹೋಗ್ತಿದ್ರು. ಅಪ್ಪನದ್ದೇ ಕಷ್ಟ. ಸುಳ್ಯದ ಕಡೆಯ ಅಡಿಕೆ ತೋಟದಲ್ಲಿ ನಲವತ್ತು ವರ್ಷ ಬೆಳಗಾದ್ರೆ ಎದ್ದು ನಡೆದ ಮನುಷ್ಯ, ಇಲ್ಲಿ ಬಾಲ್ಕನಿಯಲ್ಲಿ ನಿಂತು ಪಾರ್ಕಿಂಗ್ ಲಾಟಿನ ಕಾರುಗಳನ್ನ ಎಣಿಸ್ತಾ ಕೂತರೆ ನೋಡೋಕೇ ಬೇಜಾರು. ಸರಿ, ವೀಕೆಂಡಿಗೆ ಶಿಕಾಗೋ ಅಂತ ಹೊರಟೆವು. ಅಮ್ಮ ಎಂದಿನಂತೆ ಚಪಾತಿ, ಪಲ್ಯ, ಮೊಸರನ್ನ, ಒಂದು ಡಬ್ಬಿ ಅವಲಕ್ಕಿ ಎಲ್ಲ ಕಟ್ಟಿಕೊಂಡರು. ಐ-94ರ ರೆಸ್ಟ್ ಏರಿಯಾದಲ್ಲಿ ಕೂತು ಪಲ್ಯದ ಡಬ್ಬಿ ತೆಗೆದಾಗ ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದ್ದು, ಅದೆಲ್ಲ ನಿಮಗೂ ಗೊತ್ತಿರೋದೇ, ಬಿಡಿ.

ಶಿಕಾಗೋಕ್ಕೆ ಬಂದವರೆಲ್ಲ ಮೊದಲು ಹೋಗೋದು ವಿಲ್ಲಿಸ್ ಟವರಿಗೆ. ನಾವೂ ಹೋದೆವು. 103ನೇ ಮಹಡಿ, 1,353 ಅಡಿ ಎತ್ತರ, ಹೊರಕ್ಕೆ ಚಾಚಿಕೊಂಡಿರೋ ಗಾಜಿನ ಪೆಟ್ಟಿಗೆಗಳು. ಅಮ್ಮ ಸೀದಾ ಹೋಗಿ ಗಾಜಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ಅಪ್ಪ ಕೆಳಗೆ ಲಾಬಿಯಲ್ಲೇ ಕೂತರು. "ಬರೀ ನೋಡ್ಲಿಕ್ಕೆ ಅಷ್ಟು ಮೇಲೆ ಎಂತಕ್ಕೆ ಮಾರಾಯ? ಆಚೆ ಹೋಗ್ಲಿಕ್ಕುಂಟಾ, ಈಚೆ ಬರ್ಲಿಕ್ಕುಂಟಾ?" ಅಂದರು. ಹೆದರಿಕೆ ಅಂತ ನಾನಂದುಕೊಂಡೆ. ಬೆಳೆದ ಅಡಿಕೆ ಮರ ಹತ್ತಿ, ಒಂದರ ತುದಿಯಿಂದ ಇನ್ನೊಂದಕ್ಕೆ ಜೀಕಿ ಹೋಗ್ತಿದ್ದ ಮನುಷ್ಯನಿಗೆ ಹೆದರಿಕೆ ಎಲ್ಲಿಂದ ಬರಬೇಕು ಅನ್ನೋದು ಆಮೇಲೆ ಹೊಳೆಯಿತು.

ಮಧ್ಯಾಹ್ನದ ಮೇಲೆ ನಾನು ಅವರನ್ನ ಕರೆದುಕೊಂಡು ಹೋಗಿದ್ದು ನಾರ್ದರ್ಲಿ ಐಲೆಂಡ್ ಅನ್ನೋ ಪಾರ್ಕಿಗೆ. ಮಿಷಿಗನ್ ಸರೋವರದ ದಡದಲ್ಲಿ, ಆಡ್ಲರ್ ಪ್ಲಾನಟೇರಿಯಂ ಪಕ್ಕದಿಂದ ದಕ್ಷಿಣಕ್ಕೆ ಚಾಚಿರೋ ಒಂದು ಉದ್ದದ ನೆಲ. ಹೆಸರಿಗೆ ದ್ವೀಪ. ನಿಜವಾಗಿ 1920ರ ದಶಕದಲ್ಲಿ ಸರೋವರಕ್ಕೆ ಮಣ್ಣು ತುಂಬಿ ಮಾಡಿದ ಜಾಗ. ಈಗ ಹುಲ್ಲುಗಾವಲು, ಹಕ್ಕಿಗಳು, ನಡೆಯೋ ದಾರಿ. ನೀರಿನಾಚೆ ಬರ್ನ್‌ಹ್ಯಾಮ್ ಪಾರ್ಕ್, ಸೋಲ್ಜರ್ ಫೀಲ್ಡ್. ಮಧ್ಯದಲ್ಲಿ ದೋಣಿಗಳು ನಿಂತಿರೋ ಬಂದರು.

"ಇಲ್ಲೆಂತ ಉಂಟು?" ಅಂತ ಅಪ್ಪ.

"ಈಗ ಏನೂ ಇಲ್ಲ. ಮುಂಚೆ ಇತ್ತು" ಅಂದೆ.

ಇದ್ದದ್ದು ಏನು ಅಂತ ಹೇಳ್ತೀನಿ, ಕೇಳಿ.

1933ರ ಮೇ 27ರಂದು ಇಲ್ಲಿ 'ಎ ಸೆಂಚುರಿ ಆಫ್ ಪ್ರೋಗ್ರೆಸ್' ಅನ್ನೋ ವಿಶ್ವಮೇಳ ಶುರುವಾಯಿತು. ಶಿಕಾಗೋ ಊರಾಗಿ ನೂರು ವರ್ಷ ಆಯ್ತು ಅನ್ನೋ ನೆಪ. ಅಮೆರಿಕಾ ಮಹಾ ಆರ್ಥಿಕ ಕುಸಿತದ ತಳದಲ್ಲಿದ್ದ ಕಾಲ, ಊರ ತುಂಬ ಕೆಲಸ ಇಲ್ಲದ ಜನ. ಅಂಥ ಹೊತ್ತಲ್ಲಿ ಸ್ವಾತಿ ನಕ್ಷತ್ರದ (ಇಲ್ಲಿಯವರ ಆರ್ಕ್‌ಟ್ಯೂರಸ್) ಬೆಳಕನ್ನು ದೂರದರ್ಶಕದಲ್ಲಿ ಹಿಡಿದು, ಫೋಟೋಸೆಲ್‌ಗೆ ಬೀಳಿಸಿ, ಅದರಿಂದ ಬಂದ ಕರೆಂಟಿನಲ್ಲಿ ಮೇಳದ ದೀಪ ಹೊತ್ತಿಸಿದರು! ಆ ನಕ್ಷತ್ರ ನಲವತ್ತು ಜ್ಯೋತಿರ್ವರ್ಷ ದೂರ ಇದೆ, 1893ರ ಶಿಕಾಗೋ ಮೇಳದ ಕಾಲಕ್ಕೆ ಹೊರಟ ಬೆಳಕು ಈಗ ಬಂದು ತಲುಪಿದೆ ಅನ್ನೋದು ಅವರ ಲೆಕ್ಕ. 1893 ಅಂದರೆ ನಮ್ಮ ವಿವೇಕಾನಂದರು ಭಾಷಣ ಮಾಡಿದ ವರ್ಷವೇ. (ಆಮೇಲಿನ ಅಳತೆಯಲ್ಲಿ ದೂರ ಮೂವತ್ತೇಳು ವರ್ಷಕ್ಕೆ ಇಳಿಯಿತು. ಇರ್ಲಿ, ಕಲ್ಪನೆ ಚೆನ್ನಾಗಿದೆ.)

ಆ ಮೇಳದ ನಡುವೆ ಎದ್ದು ನಿಂತಿದ್ದದ್ದು ಸ್ಕೈ ರೈಡ್. ಎರಡು ಉಕ್ಕಿನ ಗೋಪುರಗಳು, ಒಂದು ನಾವು ನಿಂತಿದ್ದ ದ್ವೀಪದ ಮೇಲೆ, ಇನ್ನೊಂದು ನೀರಿನಾಚೆಯ ದಡದಲ್ಲಿ. ಒಂದೊಂದೂ 628 ಅಡಿ, ಅಂದರೆ 191 ಮೀಟರ್. ಆಗ ಶಿಕಾಗೋದ ಅತಿ ಎತ್ತರದ ಕಟ್ಟಡವಾಗಿದ್ದ ಬೋರ್ಡ್ ಆಫ್ ಟ್ರೇಡ್ 605 ಅಡಿ. ಅಂದರೆ ಮೇಳಕ್ಕಾಗಿ ಕಟ್ಟಿದ ಒಂದು ಜೋಡಿ ಕಂಬ ಇಡೀ ಊರಿಗಿಂತ ಎತ್ತರ! ತುದಿಯಲ್ಲಿ ವೀಕ್ಷಣಾ ಅಟ್ಟ, ಹತ್ತೋಕೆ ಲಿಫ್ಟು. ಗೋಪುರದಿಂದ ಗೋಪುರಕ್ಕೆ 1,850 ಅಡಿ. ನೆಲದಿಂದ 215 ಅಡಿ ಎತ್ತರದಲ್ಲಿ, ಕೇಬಲ್‌ಗಳ ಮೇಲೆ ರಾಕೆಟ್ ಆಕಾರದ ಪೆಟ್ಟಿಗೆಗಳು ಒಂದೊಂದರಲ್ಲಿ 36 ಜನರನ್ನ ಕೂರಿಸಿಕೊಂಡು ಆಚೆಗೂ ಈಚೆಗೂ ಹೋಗ್ತಿದ್ದವು. ಜನ ಆ ಗೋಪುರಗಳಿಗೆ 'ಆಮೋಸ್' ಮತ್ತು 'ಆಂಡಿ' ಅಂತ ಹೆಸರಿಟ್ಟಿದ್ದರು. ಆ ಕಾಲದ ದೊಡ್ಡ ರೇಡಿಯೋ ಹಾಸ್ಯ ಕಾರ್ಯಕ್ರಮದ ಹೆಸರದು. ಬಿಳಿಯ ನಟರು ಕಪ್ಪು ಜನರ ದನಿ ಅಣಕಿಸಿ ಮಾಡ್ತಿದ್ದ ಕಾರ್ಯಕ್ರಮ, ಇವತ್ತು ಕೇಳಿದರೆ ಮುಜುಗರ ಆಗುತ್ತೆ.

ಇದನ್ನೆಲ್ಲ ಕೈ ಆಡಿಸ್ತಾ ಅಪ್ಪನಿಗೆ ವಿವರಿಸಿದೆ. ಅಪ್ಪ ನೀರಿನಾಚೆ ನೋಡ್ತಾ ಒಂದೇ ಪ್ರಶ್ನೆ ಕೇಳಿದರು: "ಕಂಬ ಗಾಳಿಗೆ ಎಂತಕ್ಕೆ ಬೀಳ್ಳಿಲ್ಲ?"

ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್, ಮಾಡ್ತಾ ಇರೋದು ಜಾವಾ ಕೋಡಿಂಗ್. ಕ್ಯಾಂಪಸ್ಸಿಗೆ ಬಂದ ಸಾಫ್ಟ್‌ವೇರ್ ಕಂಪನಿ ಯಾವ ಬ್ರಾಂಚು ಅಂತ ನೋಡದೆ ಎಲ್ಲರನ್ನೂ ಬಾಚಿಕೊಂಡು ಹೋದ ಬ್ಯಾಚು ನಮ್ಮದು. ಓದಿಸಿದ ಅಪ್ಪ ಆರು ವರ್ಷದಲ್ಲಿ ಮೊದಲ ಸಲ ನನ್ನ ಓದಿಗೆ ಸಂಬಂಧಪಟ್ಟ ಪ್ರಶ್ನೆ ಕೇಳಿದ್ದರು. ಬಿಡ್ತೀನಾ?

ಟೆಂಟಿನ ಆಟ ನೆನಪಿಸಿದೆ. ನಮ್ಮ ಕಡೆ ಯಕ್ಷಗಾನ ಮೇಳದವರು ಗದ್ದೆಯಲ್ಲಿ ಟೆಂಟು ಎಬ್ಬಿಸೋವಾಗ ನಡುವಿನ ಕಂಬವನ್ನ ಬರೀ ಗುಂಡಿ ತೋಡಿ ನೆಟ್ಟರೆ ನಿಲ್ಲೋಲ್ಲ. ಸುತ್ತ ಹಗ್ಗ ಕಟ್ಟಿ, ಗೂಟ ಹೊಡೆದು, ಎಳೆದು ಬಿಗೀತಾರೆ. ಹಗ್ಗ ಇಲ್ಲದ ಕಂಬಕ್ಕೆ ಗಾಳಿ ಬೀಸಿದರೆ ಅದು ಬಾಗಬೇಕು, ಬಾಗೋದನ್ನ ತಡೆಯೋಕೆ ಬುಡ ದಪ್ಪ ಇರಬೇಕು. ಹಗ್ಗ ಕಟ್ಟಿದ ಕಂಬಕ್ಕೆ ಆ ತಾಪತ್ರಯ ಕಡಿಮೆ. ಗಾಳಿಯ ತಳ್ಳುವಿಕೆಯನ್ನ ಹಗ್ಗ ಎಳೆತವಾಗಿ ತಗೊಂಡು ನೆಲಕ್ಕೆ ಮುಟ್ಟಿಸುತ್ತೆ, ಕಂಬಕ್ಕೆ ಉಳಿಯೋದು ಬಹುಪಾಲು ಮೇಲಿಂದ ಕೆಳಕ್ಕೆ ಅಮುಕುವ ಭಾರ. ಕಡಿಮೆ ಉಕ್ಕಿನಲ್ಲಿ ಎತ್ತರದ ಸಪೂರ ಗೋಪುರ ಬೇಕಾದರೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಆದರೆ ಹಗ್ಗದ್ದೊಂದು ಸ್ವಭಾವ ಇದೆ. ಅದು ಎಳೆಯಬಲ್ಲದು, ತಳ್ಳಲಾರದು. ಪಡುವಣ ಗಾಳಿ ಬೀಸಿದರೆ ಪಡುವಣದ ಹಗ್ಗ ಬಿಗಿಯಾಗುತ್ತೆ, ಮೂಡಣದ್ದು ಸಡಿಲವಾಗಿ ಜೋತು ಬೀಳುತ್ತೆ. ಗಾಳಿ ನಿಂತು ಕಂಬ ವಾಪಸ್ ಬರೋವಾಗ ಸಡಿಲ ಹಗ್ಗ ಫಟ್ಟನೆ ಬಿಗಿಯುತ್ತೆ, ಆ ಏಟು ಕೆಟ್ಟದ್ದು. ಅದಕ್ಕೇ ಕೇಬಲ್ ಗೋಪುರ ವಿನ್ಯಾಸ ಮಾಡೋರು ಗಾಳಿ ಇಲ್ಲದ ದಿನವೂ ಎಲ್ಲ ಕಡೆ ಕೇಬಲ್‌ಗಳನ್ನ ಮೊದಲೇ ಜಗ್ಗಿ ಇಟ್ಟಿರ್ತಾರೆ. ಎಷ್ಟು ಅಂದರೆ, ಅತಿ ದೊಡ್ಡ ಗಾಳಿಯಲ್ಲೂ ಹಿಂದಿನ ಕೇಬಲ್‌ನಲ್ಲಿ ಸ್ವಲ್ಪ ಎಳೆತ ಉಳಿದಿರಬೇಕು ಅನ್ನುವಷ್ಟು. ಜಾಸ್ತಿ ಜಗ್ಗಿದರೆ ಕಂಬದ ಮೇಲೆ ಅಷ್ಟೂ ಭಾರ ಸುಮ್ಮನೆ ಹೇರಿದಂತೆ. ಜನ ಹತ್ತೋ ಗೋಪುರಕ್ಕೆ ಇನ್ನೊಂದು ಸಂಕಟವೂ ಉಂಟು: ಬೀಳದೇ ಇದ್ದರೆ ಸಾಲದು, ತುದಿಯಲ್ಲಿ ನಿಂತವರಿಗೆ ತಲೆ ತಿರುಗುವಷ್ಟು ತೂಗಲೂ ಬಾರದು.

ಸ್ಕೈ ರೈಡಿನಲ್ಲಿ ಇನ್ನೊಂದು ಗಮ್ಮತ್ತಿತ್ತು. ಕೇಬಲ್‌ಗಳು ಗೋಪುರದ ಮೇಲ್ಭಾಗದಿಂದ ಓರೆಯಾಗಿ ಒಳಕ್ಕಿಳಿದು ರಾಕೆಟ್ ಓಡೋ ಹಳಿ-ಕೇಬಲ್ಲನ್ನ ಎತ್ತಿ ಹಿಡಿದಿದ್ದವು. ಹೊರಗಡೆಗೆ ಅಷ್ಟೇ ಗಟ್ಟಿಯಾದ ಕೇಬಲ್‌ಗಳು ಇಳಿದು ನೆಲದಲ್ಲಿ ಹೂತಿದ್ದವು. ಅಲ್ಲೇ ಬೆಂಚಿನ ಮೇಲೆ ಕೂತು, ಚಪಾತಿ ಸುತ್ತಿದ್ದ ಪೇಪರ್ ಟವೆಲ್ ಮೇಲೆ ಅಪ್ಪನಿಗೆ ಒಂದು ಲೆಕ್ಕ ಬರೆದು ತೋರಿಸಿದೆ. ತೀರಾ ಸರಳ ಮಾಡಿಕೊಂಡ ಲೆಕ್ಕ, ತಜ್ಞರು ಬಯ್ಯಬೇಡಿ. ಗೋಪುರದ ತಲೆಯಿಂದ ಹಳಿಯ ಮಟ್ಟಕ್ಕೆ ಸುಮಾರು 125 ಮೀಟರ್ ಇಳಿತ. ಗೋಪುರದಿಂದ ನಡುಮಧ್ಯಕ್ಕೆ 282 ಮೀಟರ್. ಎರಡೂ ತಲೆಯಿಂದ ಒಂದೊಂದು ಕೇಬಲ್ ನಡುವಿಗೆ ಬಂದು 10 ಟನ್ ಭಾರ ಹಿಡಿದಿದೆ ಅಂತಿಟ್ಟುಕೊಳ್ಳಿ. ಕೇಬಲ್‌ನ ಓರೆ 24 ಡಿಗ್ರಿ ಆಗುತ್ತೆ, ಒಂದೊಂದರಲ್ಲಿ ಎಳೆತ 12 ಟನ್ ಚಿಲ್ಲರೆ. ಈಗ ಗೋಪುರವನ್ನ ನೂರೇ ಮೀಟರಿಗೆ ಇಳಿಸಿ. ಓರೆ 7 ಡಿಗ್ರಿಗೆ ಬೀಳುತ್ತೆ, ಅದೇ 10 ಟನ್ ಹಿಡಿಯೋಕೆ ಎಳೆತ 40 ಟನ್ ದಾಟುತ್ತೆ! ಬಟ್ಟೆ ಒಣಗಿಸೋ ಹಗ್ಗವನ್ನ ನೆಟ್ಟಗೆ ಕಟ್ಟಿ ನಡುವೆ ಒದ್ದೆ ಜಮಖಾನ ಹಾಕಿದರೆ ಗೂಟವೇ ಕಿತ್ತು ಬರೋದು ಇದಕ್ಕೇ. ಹಾಗಾಗಿ ಆ 628 ಅಡಿ ಬರೀ ನೋಡುವ ಚಪಲಕ್ಕೆ ಕಟ್ಟಿದ್ದಲ್ಲ, ದಾಟಿಸೋ ಕೆಲಸಕ್ಕೂ ಆ ಎತ್ತರ ದುಡೀತಿತ್ತು.

"ಹಾಗಾದ್ರೆ ಅದು ಸೇತುವೆಯೇ" ಅಂದರು ಅಪ್ಪ. ಅವರ ಮುಖದಲ್ಲಿ ಏನೋ ಒಂಥರಾ ಸಮಾಧಾನ.

ಸರಿಯಾಗೇ ಹೇಳಿದ್ದರು. ಸ್ಕೈ ರೈಡನ್ನ ವಿನ್ಯಾಸ ಮಾಡಿದ್ದು ಸೇತುವೆ ಕಟ್ಟುವವರೇ, ರಾಬಿನ್ಸನ್ ಅಂಡ್ ಸ್ಟೈನ್‌ಮನ್ ಅನ್ನೋ ಸಂಸ್ಥೆ. ಅದರ ಡೇವಿಡ್ ಸ್ಟೈನ್‌ಮನ್ ವಲಸೆ ಬಂದ ಬಡ ಯೆಹೂದಿ ಕುಟುಂಬದ ಹುಡುಗ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ನೆರಳಲ್ಲೇ ಬೆಳೆದವರು, ಮುಂದೆ ಅದೇ ಸೇತುವೆಯನ್ನ ದುರಸ್ತಿ ಮಾಡಿದವರು. ಕವಿತೆ ಬೇರೆ ಬರೀತಿದ್ದರು! ಇಂಜಿನಿಯರು ಕವಿತೆ ಬರೆದರೆ ಕೆಲಸ ಕೆಡುತ್ತೆ ಅನ್ನೋರಿಗೆ ಈ ಹೆಸರು ನೆನಪಿಟ್ಟುಕೊಳ್ಳೋಕೆ ಹೇಳಿ. :-)

ಇಲ್ಲಿಂದ ಕಥೆ ಡೆಟ್ರಾಯ್ಟಿಗೆ ಬರುತ್ತೆ. ನಾನು ಇಷ್ಟು ಹುಚ್ಚು ಹಚ್ಚಿಕೊಳ್ಳೋಕೆ ಕಾರಣವೂ ಅದೇ. ಹಿಂದಿನ ಚಳಿಗಾಲದಲ್ಲಿ ಒಂದು ರಾತ್ರಿ ನಿದ್ದೆ ಬಾರದೆ ಏನೋ ಓದ್ತಾ ಇದ್ದಾಗ ಸ್ಕೈ ರೈಡಿನ 1,850 ಅಡಿ ಕಣ್ಣಿಗೆ ಬಿತ್ತು. ಎಲ್ಲೋ ನೋಡಿದ ಅಂಕಿ ಅನ್ನಿಸ್ತು. ಆಮೇಲೆ ನೆನಪಾಯ್ತು. ಡೆಟ್ರಾಯ್ಟಿನಿಂದ ಕೆನಡಾದ ವಿಂಡ್ಸರಿಗೆ ದಾಟಿಸೋ ಅಂಬಾಸಡರ್ ಸೇತುವೆಯ ನಡು ಅಂಕಣವೂ 1,850 ಅಡಿಯೇ! 1929ರಲ್ಲಿ ತೆರೆದಾಗ ಅದು ಜಗತ್ತಿನ ಅತಿ ಉದ್ದದ ತೂಗು ಅಂಕಣ. ಅಡಿಗೆ ಅಡಿ ಒಂದೇ ಅಳತೆ ಇರೋದು ಕಾಕತಾಳೀಯವೋ ಏನೋ, ಆದರೆ ಆ ಎರಡರ ನಡುವೆ ನಿಜವಾದ ನೆಂಟಸ್ತಿಕೆಯೂ ಒಂದುಂಟು. ಅದು ತಂತಿಯ ಕಥೆ.

ತೂಗುಸೇತುವೆಯ ದಪ್ಪ ಕೇಬಲ್ ಅಂದರೆ ಒಂದೇ ಹಗ್ಗ ಅಲ್ಲ, ಪೆನ್ಸಿಲ್‌ಗಿಂತ ಸಪೂರದ ಸಾವಿರಾರು ತಂತಿಗಳ ಕಟ್ಟು. 1920ರ ದಶಕದ ಕೊನೆಗೆ ಶಾಖ ಕೊಟ್ಟು ಹದ ಮಾಡಿದ ಹೊಸ ಬಗೆಯ ತಂತಿ ಬಂತು. ಪರೀಕ್ಷೆಯಲ್ಲಿ ಹಳೆಯ ಎಳೆದ ತಂತಿಗಿಂತ ಗಟ್ಟಿ. ರೋಡ್ ಐಲೆಂಡಿನ ಮೌಂಟ್ ಹೋಪ್ ಸೇತುವೆಗೆ (ಅದೂ ರಾಬಿನ್ಸನ್-ಸ್ಟೈನ್‌ಮನ್ ವಿನ್ಯಾಸವೇ) ಮತ್ತು ನಮ್ಮ ಅಂಬಾಸಡರ್‌ಗೆ ಅದನ್ನೇ ಹಾಕಿದರು. 1929ರ ಆರಂಭದಲ್ಲಿ ಮೌಂಟ್ ಹೋಪ್‌ನಲ್ಲಿ ಒಂದೊಂದೇ ತಂತಿ ತುಂಡಾಗಿರೋದು ಕಾಣಿಸಿತು. ಕೇಬಲ್ ಲಂಗರಿನ ಬಳಿ ಬಳಸಿ ತಿರುಗೋ ಜಾಗದಲ್ಲಿ, ಬಾಗಿದ ಕಡೆಯಲ್ಲಿ. ಆ ಹೊತ್ತಿಗೆ ಕೇಬಲ್ ಪೂರ್ತಿ ಆಗಿ, ಕೆಳಗಿನ ಉಕ್ಕನ್ನ ನೇತುಹಾಕೋ ಕೆಲಸ ನಡೆದಿತ್ತು. ಡೆಟ್ರಾಯ್ಟಿನಲ್ಲೂ ಅದೇ ತಂತಿ.

ನೀವಾಗಿದ್ದರೆ ಏನು ಮಾಡ್ತಿದ್ರಿ? ತುಂಡಾದದ್ದು ಕೆಲವೇ, ಗಟ್ಟಿ ಇದ್ದದ್ದು ಸಾವಿರಾರು. ಅವರು ಎರಡೂ ಸೇತುವೆಯ ಕೇಬಲ್‌ಗಳನ್ನ ಪೂರ್ತಿ ಬಿಚ್ಚಿ ಕೆಳಗಿಳಿಸಿದರು. ಹಳೆಯ ಬಗೆಯ ತಂತಿ ತಂದು ಮೊದಲಿಂದ ನೇಯ್ದರು. ಅದೇ ವರ್ಷ ಎರಡೂ ಸೇತುವೆಗಳು ತೆರೆದವು, ಎರಡೂ ಇಂದಿಗೂ ನಿಂತಿವೆ. ನಮ್ಮ ಕೆಲಸದಲ್ಲಿ ರಿಲೀಸಿಗೆ ಎರಡು ದಿನ ಮುಂಚೆ ಬಗ್ ಸಿಕ್ಕರೆ "ನೋನ್ ಇಶ್ಯೂ" ಅಂತ ಡಾಕ್ಯುಮೆಂಟಿನಲ್ಲಿ ಬರೆದು ಮುಂದಕ್ಕೆ ಹೋಗ್ತೀವಿ. ನಾನೂ ಬರೆದಿದ್ದೀನಿ. ಆ ರಾತ್ರಿ ಇದನ್ನ ಓದಿ ಮುಗಿಸಿದ ಮೇಲೆ ನಿದ್ದೆ ಇನ್ನೂ ದೂರ ಹೋಯ್ತು.

ಈ ಪಾಠ ಕಲಿತು ನಾಲ್ಕು ವರ್ಷಕ್ಕೆ ಸ್ಟೈನ್‌ಮನ್ ಕಡೆಯವರು ಶಿಕಾಗೋದಲ್ಲಿ ಜನರನ್ನ ಕೇಬಲ್ ಮೇಲೆ ತೂಗಾಡಿಸಿದ್ದು. ಗಾಳಿಯ ಪಾಠ ಮಾತ್ರ ಇನ್ನೂ ಬಾಕಿ ಇತ್ತು. 1938ರ ಥೌಸಂಡ್ ಐಲೆಂಡ್ಸ್, 1939ರ ಡೀರ್ ಐಲ್, ಅವರದ್ದೇ ಈ ಎರಡು ತೂಗುಸೇತುವೆಗಳು ಗಾಳಿಗೆ ಕುಣಿಯೋಕೆ ಶುರುಮಾಡಿದವು, ಓರೆ ಕೇಬಲ್ ಕಟ್ಟಿ ನಿಲ್ಲಿಸಬೇಕಾಯ್ತು. 1940ರ ನವೆಂಬರಿನಲ್ಲಿ ಬೇರೆಯವರು ಕಟ್ಟಿದ ಟಕೋಮಾ ಸೇತುವೆ ಗಾಳಿಗೆ ಹರಿದು ಬಿದ್ದ ಸಿನಿಮಾ ತುಣುಕನ್ನ ಇಂಜಿನಿಯರಿಂಗ್ ಓದಿದವರೆಲ್ಲ ನೋಡಿರ್ತೀರಿ. ಕೊನೆಗೆ 1957ರಲ್ಲಿ ನಮ್ಮ ಮಿಷಿಗನ್ನಿನ ಮ್ಯಾಕಿನಾ ಸೇತುವೆ ಕಟ್ಟಿದಾಗ ಸ್ಟೈನ್‌ಮನ್ ಒಳಗಿನ ಎರಡು ಲೇನುಗಳಿಗೆ ಕಾಂಕ್ರೀಟ್ ಬದಲು ಕಬ್ಬಿಣದ ಜಾಲರಿ ಹಾಸಿದರು, ಗಾಳಿ ತೂರಿಹೋಗಲಿ ಅಂತ. ಅದರ ಮೇಲೆ ಕಾರು ಓಡಿಸಿದರೆ ಚಕ್ರದ ಕೆಳಗೆ ಗುಂಯ್ ಅಂತ ಸದ್ದು ಬರುತ್ತೆ.

ಮತ್ತೆ ಶಿಕಾಗೋ ಪಾರ್ಕಿಗೆ ಬರೋಣ. 1934ರ ಶರತ್ಕಾಲಕ್ಕೆ ಮೇಳ ಮುಗೀತು. 1935ರಲ್ಲಿ ಆಮೋಸ್, ಆಂಡಿ ಇಬ್ಬರನ್ನೂ ಕೆಡವಿಹಾಕಿದರು. ದ್ವೀಪದ ಮೇಲೆ 1948ರಲ್ಲಿ ಮೀಗ್ಸ್ ಫೀಲ್ಡ್ ಅನ್ನೋ ಸಣ್ಣ ವಿಮಾನ ನಿಲ್ದಾಣ ಬಂತು. ಅದನ್ನ 2003ರ ಮಾರ್ಚ್ ಕೊನೆಗೆ ಮೇಯರ್ ಡೇಲಿ ರಾತ್ರೋರಾತ್ರಿ ಬುಲ್ಡೋಜರ್ ಕಳಿಸಿ, ರನ್‌ವೇ ಮೇಲೆ ದೊಡ್ಡ ದೊಡ್ಡ 'ಎಕ್ಸ್' ಅಗೆಸಿ ಮುಚ್ಚಿಸಿದರು. ವಿಮಾನಗಳು ಅಲ್ಲೇ ಸಿಕ್ಕಿಬಿದ್ದಿದ್ದವು! ನಮ್ಮ ರಾಜಕಾರಣಿಗಳು ಮಾತ್ರ ಹೀಗೆ ಅಂದುಕೊಂಡಿದ್ರಾ? ಹಾಗೆ ಹುಟ್ಟಿದ್ದು ಈಗಿನ ಪಾರ್ಕು. ಮೇಳದ ಕುರುಹು ಅಂತ ನೀರಿನಾಚೆ ಉಳಿದಿರೋದು ಒಂದು ಪುರಾತನ ರೋಮನ್ ಕಂಬ. 1933ರಲ್ಲಿ ಇಟಲಿಯ ಬಾಲ್ಬೋ 24 ಕಡಲವಿಮಾನಗಳ ದಂಡು ಕಟ್ಟಿಕೊಂಡು ಶಿಕಾಗೋಕ್ಕೆ ಹಾರಿಬಂದ ನೆನಪಿಗೆ ಮುಸೋಲಿನಿ ಕಳಿಸಿದ್ದು. ಮುಸೋಲಿನಿಯ ಕಂಬ ಉಳೀತು, ಸ್ಟೈನ್‌ಮನ್‌ನ ಕಂಬ ಹೋಯ್ತು.

"ಒಳ್ಳೇ ಕಬ್ಬಿಣ ಮಾರಾಯ, ಎಂತಕ್ಕೆ ಕೆಡವಿದ್ದು?" ಅಪ್ಪನಿಗೆ ಅದೇ ಕೊರಗು.

ಮೇಳ ಹೋದ ಮೇಲೆ ಆ ದಡದಿಂದ ಈ ದಡಕ್ಕೆ ದಾಟಬೇಕಾದವರು ಯಾರೂ ಉಳಿದಿರಲಿಲ್ಲ, ಅಂದೆ. ಲೆಕ್ಕದ ಪ್ರಕಾರ 191 ಮೀಟರ್ ಮೇಲಿಂದ ದಿಗಂತ ಸುಮಾರು 49 ಕಿಲೋಮೀಟರ್ ದೂರ, ಇಂಡಿಯಾನಾ ರಾಜ್ಯದವರೆಗೂ ಕಣ್ಣು ಹೋಗ್ತಿತ್ತು. ಆದರೆ ಬರೀ ನೋಡೋರಿಂದ ಉಕ್ಕಿಗೆ ಬಣ್ಣ ಬಳಿಯೋ ಖರ್ಚೂ ಹುಟ್ಟೋದು ಕಷ್ಟ ಅಂತ ನನ್ನ ಊಹೆ.

ನೋಡೋಕೆಂದೇ ಕಟ್ಟಿ, ಉಳಿಸಿಕೊಂಡ ಕೇಬಲ್ ಗೋಪುರವೂ ಇದೆ. ಅದಕ್ಕೆ ಜರ್ಮನಿಗೆ ಹೋಗಬೇಕು. ಸ್ಟುಟ್‌ಗಾರ್ಟಿನ ಕಿಲ್ಲೆಸ್‌ಬರ್ಗ್ ಪಾರ್ಕಿನಲ್ಲಿ 2001ರಲ್ಲಿ ತೆರೆದ, ಸುಮಾರು 40 ಮೀಟರ್ ಎತ್ತರದ ಗೋಪುರ. ನಡುವೆ ಒಂದೇ ಒಂದು ಸಪೂರ ಕಂಬ, ಸುತ್ತ ಮೀನುಬಲೆ ಥರ ಕೇಬಲ್ ಜಾಲ, ಆ ಜಾಲಕ್ಕೆ ನಾಲ್ಕು ಅಟ್ಟಗಳು. ಒಂದರೊಳಗೊಂದು ಸುತ್ತಿಕೊಂಡ ಎರಡು ಮೆಟ್ಟಿಲುಸಾಲು, ಹತ್ತೋರು ಒಂದರಲ್ಲಿ, ಇಳಿಯೋರು ಇನ್ನೊಂದರಲ್ಲಿ, ಎದುರುಬದುರು ಆಗೋದೇ ಇಲ್ಲ. 1993ರ ಉದ್ಯಾನ ಮೇಳಕ್ಕೆ ಅಂತ ಹಾಕಿದ ಯೋಜನೆ, ಆಗ ಕೈಬಿಟ್ಟು ಹೋಗಿ, ಆಮೇಲೆ ಊರವರ ದೇಣಿಗೆಯಿಂದ ಎದ್ದಿತು. ನಮ್ಮ ಕಡೆ ದೇವಸ್ಥಾನದ ಜೀರ್ಣೋದ್ಧಾರ ನಡೆಯುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಆಫೀಸಿನ ಕೆಲಸಕ್ಕೆ ಆ ಊರಿಗೆ ಹೋದಾಗ ಹತ್ತಿದ್ದೆ. ಮಕ್ಕಳು ಓಡಿದರೆ ಅಟ್ಟ ಅಲುಗೋದು ಪಾದಕ್ಕೆ ಗೊತ್ತಾಗುತ್ತೆ.

ಅದನ್ನ ವಿನ್ಯಾಸ ಮಾಡಿದ ಯೋರ್ಗ್ ಶ್ಲೈಖ್ ನಮಗೆ ಪರಕೀಯರೇನಲ್ಲ. ಕೋಲ್ಕತ್ತದ ಹೂಗ್ಲಿ ನದಿಯ ಮೇಲಿನ ವಿದ್ಯಾಸಾಗರ ಸೇತು, 1992ರಲ್ಲಿ ತೆರೆದ 457 ಮೀಟರ್ ನಡು ಅಂಕಣದ ಕೇಬಲ್ ಸೇತುವೆ, ಅವರದ್ದೇ ವಿನ್ಯಾಸ. ಅದರಲ್ಲಿ ಉಕ್ಕನ್ನ ವೆಲ್ಡಿಂಗ್ ಮಾಡದೆ ಹಳೆಕಾಲದ ಹಾಗೆ ರಿವೆಟ್ ಹೊಡೆದು ಜೋಡಿಸಿದ್ದಾರೆ. ಅಲ್ಲಿನ ಕೆಲಸಗಾರರ ಕೈಗೆ ಚೆನ್ನಾಗಿ ಬರ್ತಿದ್ದದ್ದು ರಿವೆಟ್ಟು, ಹಾಗಾಗಿ ವಿನ್ಯಾಸವನ್ನೇ ಅದಕ್ಕೆ ಹೊಂದಿಸಿಕೊಂಡರು.

ಇದನ್ನ ಹೇಳಿದಾಗ ಅಪ್ಪ "ನಮ್ಮ ಭಾರದ್ವಾಜರ ಹಾಗೆ" ಅಂದರು.

ಸುಳ್ಯದ ಗಿರೀಶ್ ಭಾರದ್ವಾಜ್. ಮಂಡ್ಯದ ಪಿಇಎಸ್‌ನಲ್ಲಿ ಓದಿದ ಮೆಕ್ಯಾನಿಕಲ್ ಇಂಜಿನಿಯರ್. 1989ರಲ್ಲಿ ಪಯಸ್ವಿನಿ ನದಿಗೆ ಅರಂಬೂರಿನಲ್ಲಿ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಸೇತುವೆ, ನಮ್ಮ ರಾಜ್ಯದಲ್ಲಿ, ಕೇರಳದಲ್ಲಿ, ಇನ್ನೂ ಆಚೆ. 2017ರಲ್ಲಿ ಪದ್ಮಶ್ರೀ ಬಂತು. ಎರಡು ಕಂಬ, ಎರಡು ಉಕ್ಕಿನ ಹಗ್ಗ, ನೇತಾಡೋ ಸರಳುಗಳು, ನಡೆಯೋಕೆ ಹಲಗೆ. ಲಾರಿ ಹೋಗದ ಜಾಗಕ್ಕೆ ಊರವರು ತಲೆಮೇಲೆ ಹೊತ್ತು ತಲುಪಿಸಬಹುದಾದ ಸಾಮಾನು. ನಮ್ಮೂರಲ್ಲೂ ಅದೇ ಮಾದರಿಯ ಒಂದು ತೂಗುಸೇತುವೆ ಇದೆ, ನಾನು ಶಾಲೆಗೆ ಹೋಗಿದ್ದೇ ಅದರ ಮೇಲೆ. ನನ್ನ ಮಟ್ಟಿಗೆ ಅದು ಯಾವಾಗಲೂ ಅಲ್ಲಿ ಇದ್ದದ್ದು, ಬೆಟ್ಟದ ಹಾಗೆ.

ಅದಿಲ್ಲದಿದ್ದ ಕಾಲದ ಬಗ್ಗೆ ಅಪ್ಪ ಹೇಳಿದ್ದು ಅವತ್ತೇ, ಆ ಬೆಂಚಿನ ಮೇಲೆ. ನನ್ನ ದೊಡ್ಡತ್ತೆಗೆ ಮೊದಲ ಬಸಿರು. ಆಷಾಢದ ರಾತ್ರಿ ನೋವು ಶುರುವಾಯ್ತು. ಹೊಳೆಗೆ ಹಾಕಿದ್ದ ಕಾಲುಸಂಕ ಆ ವಾರವೇ ಕೊಚ್ಚಿಹೋಗಿತ್ತು. ದೋಣಿಯವನು ನೀರು ನೋಡಿ ಆಗೋದಿಲ್ಲ ಅಂದ. ಈಚೆ ದಡದಲ್ಲಿ ಗ್ಯಾಸ್‌ಲೈಟ್ ಹಿಡಿದು ಅಪ್ಪ, ಅಜ್ಜ. ಆಚೆ ದಡದಲ್ಲಿ ಜೀಪು ತಂದು ನಿಲ್ಲಿಸಿದ ಬಾವ. ಮಾತಾಡಿದರೆ ಕೇಳದಷ್ಟು ಹೊಳೆಯ ಸದ್ದು, ಆದರೆ ಜೀಪಿನ ಲೈಟು ಕಾಣ್ತಿತ್ತು. ಬೆಳಗಿನ ತನಕ ನೋಡ್ತಾ ನಿಂತರು. ನೀರು ಇಳಿದು ದಾಟಿಸೋ ಹೊತ್ತಿಗೆ ಅತ್ತೆ ಉಳಿದರು, ಮಗು ಉಳೀಲಿಲ್ಲ.

"ನೋಡಿ ನೋಡಿ ಸಾಕಾಗಿದೆ ಮಾರಾಯ" ಅಂದರು ಅಪ್ಪ. ಅಮ್ಮ ಏನೂ ಮಾತಾಡದೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು. ಅವರಿಗೆ ಈ ಕಥೆ ಗೊತ್ತಿತ್ತು, ನನಗೆ ಇಪ್ಪತ್ತೆಂಟು ವರ್ಷ ಗೊತ್ತಿರಲಿಲ್ಲ.

ವಾಪಸ್ ಬಂದ ಮೇಲೆ ಇನ್ನೊಂದು ಸಂಜೆ ಡೆಟ್ರಾಯ್ಟಿನ ರಿವರ್‌ಸೈಡ್ ಪಾರ್ಕಿಗೆ ಹೋದೆವು. ಅಂಬಾಸಡರ್ ಸೇತುವೆಯ ಬುಡದಲ್ಲೇ ಇದೆ. ಅಲ್ಲಿ ನಿಂತರೆ ಒಂದು ಕಡೆ ತಲೆಯ ಮೇಲೆ ಆ 1,850 ಅಡಿ. ನದಿ ಹರಿಯೋ ದಿಕ್ಕಿಗೆ ನೋಡಿದರೆ ಸ್ವಲ್ಪ ದೂರದಲ್ಲಿ ಗೋರ್ಡಿ ಹೌ ಸೇತುವೆಯ ಎರಡು ಕಾಂಕ್ರೀಟ್ ಗೋಪುರಗಳು, ಹಾಕಿ ಆಟಗಾರನ ಹೆಸರಿನ ಹೊಸ ಸೇತುವೆ. ಇದು ತೂಗುಸೇತುವೆ ಅಲ್ಲ, ಕೇಬಲ್ ಸೇತುವೆ. ಬೆಂಗಳೂರಿನ ಕೆ.ಆರ್. ಪುರಂನಲ್ಲಿ 2003ರಿಂದ ನಾವೆಲ್ಲ 'ಹ್ಯಾಂಗಿಂಗ್ ಬ್ರಿಡ್ಜ್' ಅಂತ ತಪ್ಪಾಗಿ ಕರೀತಾ ಬಂದಿರೋದೂ ಈ ಜಾತಿಯದೇ (ಅಲ್ಲಿ ಹ್ಯಾಂಗ್ ಆಗೋದು ಟ್ರಾಫಿಕ್ ಮಾತ್ರ). ಗೋಪುರದಿಂದ ಕೇಬಲ್ ಸೀದಾ ಓರೆಯಾಗಿ ಇಳಿದು ರಸ್ತೆಯನ್ನೇ ಹಿಡಿಯುತ್ತೆ. ಗೋಪುರ 220 ಮೀಟರ್, ಆಮೋಸ್-ಆಂಡಿಗಿಂತಲೂ ಎತ್ತರ. ನಡು ಅಂಕಣ 853 ಮೀಟರ್, ಸ್ಕೈ ರೈಡಿನ ಒಂದೂವರೆ ಪಟ್ಟು. 216 ಕೇಬಲ್‌ಗಳು. ಎರಡೂ ದೇಶದಿಂದ ಚಾಚುತ್ತಾ ಬಂದ ತುದಿಗಳು 2024ರ ಜೂನಿನಲ್ಲಿ ನದಿಯ ಮೇಲೆ ಕೂಡಿದವು. ನಡೆಯೋರಿಗೂ ಸೈಕಲ್ಲಿನವರಿಗೂ ಅಂತ ಒಂದು ಪಕ್ಕದಲ್ಲಿ ದಾರಿ ಇಟ್ಟಿದ್ದಾರೆ.

ಅಪ್ಪನಿಗೆ ಇದು ಹಿಡಿಸಿತು. ಸಿಗಂದೂರಿನ ಹೊಸ ಸೇತುವೆಯೂ ಹೀಗೇ ಉಂಟಲ್ಲ ಅಂದರು. ಹೌದು, ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು-ಕಳಸವಳ್ಳಿ ನಡುವೆ 2025ರ ಜುಲೈನಲ್ಲಿ ತೆರೆದದ್ದು, ಸುಮಾರು ಎರಡೂವರೆ ಕಿಲೋಮೀಟರ್. ಅದಕ್ಕೆ ಮುಂಚೆ ಅಲ್ಲಿ ಲಾಂಚಿಗೆ ಕಾಯಬೇಕಿತ್ತು. ಅಪ್ಪ ಪಾರ್ಕಿನ ಕಟಕಟೆ ಹಿಡಿದು ಕತ್ತಲಾಗೋವರೆಗೂ ನಿಂತರು. ಬರೀ ನೋಡ್ತಾ ಇದ್ದೀರಲ್ಲ ಅಂತ ರೇಗಿಸೋ ಮನಸ್ಸಾಯ್ತು, ಬಾಯಿ ಮುಚ್ಚಿಕೊಂಡೆ.

ಅವರು ಊರಿಗೆ ಹೋಗಿ ಎರಡು ತಿಂಗಳಾದ ಮೇಲೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ನಮ್ಮೂರ ತೂಗುಸೇತುವೆ. ನಡುಮಧ್ಯದಲ್ಲಿ ನಿಂತು ತೆಗೆದದ್ದು, ಕೆಳಗೆ ಕೆಂಪು ನೀರು ತುಂಬಿ ಹರೀತಿದೆ. ಅಪ್ಪ ದಿನಾ ಸಂಜೆ ಅಲ್ಲಿ ನಿಂತು ಹೊಳೆ ನೋಡೋದು ನನಗೆ ಗೊತ್ತು, ಚಿಕ್ಕವನಿದ್ದಾಗ ಜೊತೆಗೆ ನಾನೂ ನಿಂತಿದ್ದೀನಿ. ಆದರೆ ಈ ಫೋಟೋ ಹೊಳೆಯದ್ದಲ್ಲ. ಹಲಗೆಯನ್ನ ಹಿಡಿದಿರೋ ಒಂದು ಸರಳು, ಕೊಕ್ಕೆಯ ಬಳಿ ಬಾಗಿದ ಕಡೆಯಲ್ಲಿ ತುಕ್ಕು ತಿಂದು ಸಪೂರವಾಗಿದೆ. ಅದರ ಸುತ್ತ ಬೆರಳಿನಿಂದ ಕೆಂಪು ವೃತ್ತ ಎಳೆದಿದ್ದಾರೆ. ಕೆಳಗೆ ಬರೆದಿದ್ದರು: "ಬಾಗಿದಲ್ಲಿ ತುಂಡಾಗ್ತದೆ ಹೇಳಿದ್ದಲ್ಲವಾ. ನಾಳೆ ಪಂಚಾಯ್ತಿಗೆ ಹೋಗ್ಲಿಕ್ಕುಂಟು. ಎಷ್ಟು ಸರಳು ಬದಲಿಸಬೇಕು ಲೆಕ್ಕ ಹಾಕಿ ಕಳಿಸು."

ಒಟ್ಟು ಎಷ್ಟು ಸರಳುಗಳಿವೆ ಅಂತ ಕೇಳಿದ್ದೀನಿ. ಎಣಿಸ್ತಾ ಇದ್ದಾರಂತೆ.